ಅರವತ್ತೆರಡು ಪರ್ಸೆಂಟಿಗೆ

ಮುನ್ನೂರ ಹನ್ನೊಂದು ಡಬ್ಬಿ.
ಎಲ್ಲವನ್ನೂ ಗೋಡೆಗೆ ಕೂರಿಸಿದ್ದು ಈ ಕೈ.
ಸೊರಬ ರಸ್ತೆಯ ಬೇಕರಿಯಲ್ಲಿ ಬನ್ನಿನ ಗಾಜಿನ ಮೇಲೆ,
ಜೋಗ ರಸ್ತೆಯ ಹಲ್ಲಿನ ಡಾಕ್ಟರ ಬಾಗಿಲ ನೆತ್ತಿಗೆ,
ಪತ್ತಿನ ಸಂಘದಲ್ಲಿ ಹೋದ ವರ್ಷದ ಕ್ಯಾಲೆಂಡರಿನ ಪಕ್ಕ.
ಎರಡು ಕೊಂಬು, ಒಂದು ಹಸಿರು ಕಣ್ಣು.
ಪಾಸ್‌ವರ್ಡ್ ಎಲ್ಲಕ್ಕೂ ಒಂದೇ,
ಹೊಟ್ಟೆಯಡಿಯ ಚೀಟಿಯಲ್ಲಿ ಅಚ್ಚು ಹಾಕಿದ್ದು.
ಬದಲಿಸಿಕೊಳ್ಳಿ ಎಂದು ಹೇಳಿದ್ದೇನೆ, ಏಣಿ ಮಡಚುತ್ತ,
ಯಾರಿಗೂ ಕೇಳದಷ್ಟು ಮೆಲ್ಲಗೆ.

ಒಂದು ರಾತ್ರಿ ಎರಡೂವರೆಗೆ,
ಸಾಗರ ಪೂರ್ತಿ ಮಲಗಿರುವಾಗ,
ಆಫೀಸಿನ ಪರದೆಯಲ್ಲಿ ಗೆರೆಯೊಂದು ನೆಟ್ಟಗೆ ಎದ್ದು ನಿಂತಿತು.
ಯಾರೂ ಸಿನಿಮಾ ನೋಡುತ್ತಿರಲಿಲ್ಲ. ಹುಡುಗರು ಆಡುತ್ತಿರಲಿಲ್ಲ.
ಡಬ್ಬಿಗಳೇ ಎದ್ದು ಕೂತು
ಹೆಸರು ಓದಲಾಗದ ಯಾವುದೋ ಊರಿನ
ಯಾವುದೋ ಬಾಗಿಲಿಗೆ ಕಲ್ಲು ತೂರುತ್ತಿದ್ದವು.
ಬೇಕರಿಯದು, ಡಾಕ್ಟರದು, ಸಂಘದ್ದು, ಒಟ್ಟಾಗಿ,
ಶಿಸ್ತಾಗಿ, ಸೆಕೆಂಡಿಗೆ ಸಾವಿರ.
ಬೆಳಗಾದರೆ ಅದೇ ಹಸಿರು ಕಣ್ಣು, ಸಂಭಾವಿತ.

"ಲೈಟು ಉರೀತದಲ್ಲ ಮಾರಾಯ, ಮತ್ತೇನು?"
ಮಾಲೀಕ ಫೆಲಿಕ್ಸ್ ರಸೀತಿ ಹರಿಯುತ್ತಲೇ ಕೇಳಿದ.
ಕಂಪನಿಗೆ ಬರೆದೆ. ಆ ಮಾಡೆಲ್ಲಿನ ಋಣ ಮುಗಿದಿದೆ ಎಂದರು.
ಕೊನೆಯದಾಗಿ ಒಂದು ಫರ್ಮ್‌ವೇರ್ ಬಿಟ್ಟಿದ್ದರಂತೆ,
ಹದಿನಾಲ್ಕು ತಿಂಗಳ ಹಿಂದೆ, ತೂತು ಮುಚ್ಚುವಂಥದ್ದು.
ಯಾರೂ ಹಾಕಿರಲಿಲ್ಲ.
ಯಾರೂ ಅಂದರೆ, ನಾನು ಹಾಕಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಅದನ್ನು ಹೊತ್ತು ಮನೆ ಮನೆ ಹತ್ತಿದೆ.
ಕೆಟ್ಟದ್ದನ್ನು ಸರಿಮಾಡಲು ಬಂದರೆ ಜನ ಕುರ್ಚಿ ಕೊಡುತ್ತಾರೆ.
ಕೆಡದೇ ಇರುವುದನ್ನು ಸರಿಮಾಡಲು ಬಂದವನನ್ನು
ಹೊಸಿಲಲ್ಲೇ ನಿಲ್ಲಿಸಿ ನೋಡುತ್ತಾರೆ.

ನಲವತ್ತೆಂಟನೆಯದು ಜಟ್ಟಯ್ಯ ಗುಡಿಗಾರರದು.
ಮಡಿಲಲ್ಲಿ ಅರ್ಧ ಕೆತ್ತಿದ ಪೆಟ್ಟಿಗೆ,
ಗಂಧ ಸಿಕ್ಕದೆ ಶಿವನೆ ಮರದ್ದು.
"ಏನು ಕಾಯಿಲೆ ಅದಕ್ಕೆ?"
ಒಳಗಿನದನ್ನು ಬರೆದವನು ತನಗೆಂದು ಒಂದು ಕಳ್ಳಬಾಗಿಲು ಇಟ್ಟು
ಮುಚ್ಚದೆ ಹೋದ, ಬೇರೆ ಯಾರಿಗೋ ಸಿಕ್ಕಿತು, ಎಂದೆ.
ಅಜ್ಜ ನಕ್ಕರು. ಇನ್ನೊಂದು ಪೆಟ್ಟಿಗೆ ತಂದು
ಮುಚ್ಚಳದ ಮೇಲಿನ ಆನೆಯ ಬಾಲ ಒತ್ತಿದರು.
ತಳದಿಂದ ಒಂದು ಅರೆ ಜಾರಿ ಹೊರಬಂತು,
ನಾಲಗೆಯ ಹಾಗೆ.
"ನಾವೂ ಇಡ್ತೀವಿ. ಕೀಲಿ ಕಳ್ಕೊಂಡು ಬರ್ತಾರಲ್ಲ, ಅದಕ್ಕೆ.
ಆದ್ರೆ ಒಂದೊಂದಕ್ಕೆ ಒಂದೊಂದು ಕಡೆ.
ಎಲ್ಲಾದ್ರಲ್ಲೂ ಬಾಲದಲ್ಲೇ ಇಟ್ಟವನು
ಕಳ್ಳ ಅಲ್ಲ ತಮ್ಮಾ, ಸೋಮಾರಿ."

ಶುರು ಮಾಡಿದೆ.
ವಿದ್ಯುತ್ ಆರಿಸಬೇಡಿ ಎಂದು ಪರದೆಯಲ್ಲಿ ಕೆಂಪಕ್ಷರ.
ನನಗೆ ಹೇಳಿ ಏನು ಪ್ರಯೋಜನ? ಮೆಸ್ಕಾಮಿಗೆ ಹೇಳಬೇಕು.
ನಲವತ್ತು. ಐವತ್ತೈದು. ಅರವತ್ತೆರಡು.
ಫ್ಯಾನು ತನ್ನ ರೆಕ್ಕೆಗಳನ್ನು
ಒಂದು, ಎರಡು, ಮೂರು ಎಂದು ಎಣಿಸಿಕೊಂಡು ನಿಂತಿತು.

ನಾಲ್ಕೂಕಾಲಿಗೆ ಕರೆಂಟು ಬಂತು.
ಫ್ರಿಜ್ಜು ಗೊರಗುಟ್ಟಿತು, ಪಕ್ಕದ ಹಿಟ್ಟಿನ ಗಿರಣಿ ಎದ್ದಿತು,
ದೇವರ ಗೂಡಿನ ಚೀನೀ ದೀಪದ ಸರ ಕೂಡ ಎದ್ದಿತು.
ಇದು ಏಳಲಿಲ್ಲ.
ಹಳೆಯದನ್ನು ಅಳಿಸಿಯಾಗಿತ್ತು, ಹೊಸದು ಪೂರ್ತಿ ಬಂದಿರಲಿಲ್ಲ.
"ಬೆಳಿಗ್ಗೆವರೆಗೂ ಚೆನ್ನಾಗಿತ್ತಲ್ಲ" ಎಂದಳು ಸೊಸೆ ತಾರಾಮತಿ,
ಗಿರಾಕಿಗೆ ಕಳಿಸಬೇಕಿದ್ದ ಫೋಟೋ ಫೋನಿನಲ್ಲಿ ತಿರುಗುತ್ತಲೇ ಇತ್ತು.
ನಿಜ. ಕಳ್ಳ ಒಳಗಿದ್ದಷ್ಟು ದಿನ ಉರಿಯುತ್ತಿತ್ತು,
ಕಳ್ಳನನ್ನು ಅಟ್ಟಲು ಹೋದ ಕೈಯಲ್ಲಿ ಸತ್ತಿತು.
ಇದನ್ನು ಯಾವ ಬಾಯಲ್ಲಿ ಹೇಳುವುದು?
ಅಜ್ಜ ಡಬ್ಬಿಯನ್ನು ಕಿವಿಗೆ ಹಿಡಿದು
ಉಳಿಯ ಹಿಡಿಕೆಯಿಂದ ಒಮ್ಮೆ ತಟ್ಟಿ
"ಪೊಳ್ಳು" ಎಂದರು. ಬೈಗುಳವಲ್ಲ, ಮರ ನೋಡಿ ಹೇಳುವ ಹಾಗೆ.

ನಲವತ್ತೇಳು ಆಯಿತು. ಒಂದು ಹೋಯಿತು. ಇನ್ನೂರ ಅರವತ್ತಮೂರು ಉಳಿದಿವೆ.
ಫೆಲಿಕ್ಸ್ ಎರಡು ಸಲ ಫೋನು ಮಾಡಿದ, ದೂರು ಹೋಗಿದೆ.
ಸಂಜೆ ಸ್ವಂತ ದುಡ್ಡಲ್ಲಿ ಒಂದು ಬ್ಯಾಟರಿ ಕೊಂಡೆ,
ಏಳು ಕೆಜಿ, ಸ್ಕೂಟರಿನ ಕಾಲಬಳಿ ಇಟ್ಟೆ.
ದಾರಿಯುದ್ದಕ್ಕೂ ಕಿಟಕಿ ಕಿಟಕಿಯಲ್ಲಿ ಹಸಿರು ಕಣ್ಣು
ಮಿಟುಕಿಸುತ್ತಿತ್ತು, ನನಗೋ, ಇನ್ಯಾರಿಗೋ.

ನಾಳೆ ತಾರಾಮತಿಗೆ ಬೇರೆ ಡಬ್ಬಿ.
ಇವತ್ತು ರಾತ್ರಿ, ಊಟಕ್ಕೆ ಮೊದಲು, ನನ್ನ ಮನೆಯದು.
ಅದಕ್ಕೂ ಹಾಕಿರಲಿಲ್ಲ.