ಗೀಟುಗೀಟಿನ ಕೋಟು

ಸಿಂಚು ಊರಿನ ಗಾಳಿಗೆ ಹಿಡಿತವೇ ಇಲ್ಲ.
ಬಿದಿರು ತಟ್ಟೆಯ ಮೇಲೆ ಅಕ್ಕಿಶಾವಿಗೆ ಒಣಗಿಸುತ್ತದೆ,
ನಿಲ್ಲಿಸಿದ ಸ್ಕೂಟರು ಕೆಡವುತ್ತದೆ,
ಕಾರ್ಖಾನೆಯ ಬಾಗಿಲಿಗೆ ಬಂದರೆ ಮಾತ್ರ
ಹೊರಗೇ ಕಾಯಬೇಕು.
ಒಳಗೆ ಒಂದು ಕಣ ಧೂಳಿಗೂ ಪ್ರವೇಶವಿಲ್ಲ.

ಹತ್ತೊಂಬತ್ತು ವರ್ಷ ಅಲ್ಲಿ, ಹಳದಿ ಬೆಳಕಿನಲ್ಲಿ,
ಕಣ್ಣಷ್ಟೇ ಕಾಣುವ ಬಿಳಿ ಅಂಗಿ ತೊಟ್ಟು
ಚಿಯು ಯುಯೆಕ್ವೆ ಮಾಡಿದ್ದು ಬಾಚಣಿಗೆ.
ನಗಬೇಡಿ, ಆ ಚಿಪ್‌ನ ಹೆಸರೇ ಹಾಗೆ.
ಹಳೆಯ ಟೀವಿಗೆ ಒಂದೇ ತಂತಿಯಲ್ಲಿ
ಸಿಕ್ಕುಗಟ್ಟಿ ಬರುತ್ತಿದ್ದವು ಬಣ್ಣ, ಬೆಳಕು.
ಬೈತಲೆ ತೆಗೆದು ಎರಡು ಜಡೆ ಮಾಡುವುದು
ಅದರ ಕೆಲಸ.

ಎಷ್ಟು ಬಾಚಿದರೂ ಒಂದು ಸಿಕ್ಕು ಉಳಿಯುತ್ತಿತ್ತು.
ವಾರ್ತೆ ಓದುವವ ಸಣ್ಣ ಗೀಟಿನ ಕೋಟು ತೊಟ್ಟನೋ
ಎದೆಯ ಮೇಲೆ ಕಾಮನಬಿಲ್ಲು ಹುಳುವಿನಂತೆ ಹರಿದಾಡುತ್ತಿತ್ತು.
ಸ್ಟುಡಿಯೋದವರು ಗೀಟಿನ ಬಟ್ಟೆಯನ್ನೇ ಬೇಡವೆಂದರು.

ಆಮೇಲೆ ಹೈ ಡೆಫಿನಿಷನ್ ಬಂತು.
ಪರದೆಗೆ ಇಪ್ಪತ್ತು ಲಕ್ಷದ ಎಪ್ಪತ್ತಮೂರು ಸಾವಿರದ ಆರುನೂರು ಚುಕ್ಕಿ.
ಅಷ್ಟಕ್ಕೂ ಕ್ಷಣಕ್ಷಣ ಲೆಕ್ಕ ಒಪ್ಪಿಸಬೇಕಾದ ಹೊಸ ಚಿಪ್‌ಗೆ
ಹಸಿವೋ ಹಸಿವು:
ಟ್ಯೂನರನ್ನು ನುಂಗಿತು, ಧ್ವನಿಯನ್ನು ನುಂಗಿತು,
ಮೆಮೊರಿಯನ್ನು ಮಗ್ಗುಲಿಗೆ ಎಳೆದುಕೊಂಡಿತು.
ಬಾಚಣಿಗೆಯನ್ನು ಮೂಸಿಯೂ ನೋಡಲಿಲ್ಲ.
ಅಂಕಿಗಳಾಗಿ ಬರುವ ಬಣ್ಣಕ್ಕೆ ಸಿಕ್ಕೆಲ್ಲಿ?
ಬೋಳುತಲೆಗೆ ಬಾಚಣಿಗೆ ಯಾಕೆ?

ಗಿರಾಕಿಗಳಿಗೆ ಕಾಗದ ಹೋಯಿತು:
ಇದೇ ಕೊನೆ, ಬೇಕಾದಷ್ಟು ಕೊಂಡಿಟ್ಟುಕೊಳ್ಳಿ.
ಮನಿಲಾದಿಂದ ನಲವತ್ತು ಸಾವಿರ,
ರೆಸೀಫಿಯಿಂದ ಒಂಬತ್ತು.
ಲಾಗೋಸಿನಿಂದ ಒಂದೇ ಸಾಲು: ಯಾಕೆ ನಿಲ್ಲಿಸುತ್ತೀರಿ?

ದಕ್ಷಿಣದ ಹೊಸ ಕಾರ್ಖಾನೆಯಲ್ಲಿ
ಊಟದ ತಟ್ಟೆಯಷ್ಟು ಅಗಲದ ಬಿಲ್ಲೆಗಳು,
ಸೂರಿನ ಹಳಿಗೆ ಜೋತು ತಮ್ಮಷ್ಟಕ್ಕೆ ಓಡುವ ಡಬ್ಬಿಗಳು.
ಮುಟ್ಟುವವರು ಬೇಡ.
ಮೇನೇಜರ್ ಲೋ ಗಂಟಲು ಸರಿಮಾಡಿಕೊಂಡು ಹೇಳಿದ:
"ನಿಮ್ಮ ಕೈ ಬಹಳ ಚೆನ್ನಾಗಿತ್ತು."
ಚಿಪ್ ಮಾಡಿದ ಕೈಗೆ
ಚಿಪ್ಪು.

ಗಂಡ ಪೆಂಗ್‌ನದು ಝುಡೋಂಗಿನಲ್ಲಿ ಟೀವಿ ರಿಪೇರಿ ಅಂಗಡಿ.
ಹೊಸ ಟೀವಿಯ ಬೆನ್ನು ಬಿಚ್ಚಿ ಇಣುಕಿದ:
ಬಾಡಿಗೆಯವರು ಬಿಟ್ಟುಹೋದ ಮನೆ.
ಒಂದು ಹಲಗೆ, ನಟ್ಟನಡುವೆ ಒಂದು ಕಪ್ಪು ಚೌಕ.
"ಇದು ಕೆಟ್ಟರೆ?"
"ಹಲಗೆ ಎಸೆಯೋದು."
ಮುಚ್ಚಿದ. ಒಂದು ಸ್ಕ್ರೂ ಉಳಿದುಹೋಯಿತು.
ಅದಿಲ್ಲದೆಯೂ ಟೀವಿ ನಡೆಯಿತು.

ಜೂನ್ ಕೊನೆ, ಹಳೆಯ ಪ್ರಸಾರ ನಿಂತ ರಾತ್ರಿ,
ವಾರ್ತೆ ಓದುವವ
ಗೀಟುಗೀಟಿನ ಕೋಟು ತೊಟ್ಟೇ ಬಂದ.
ಒಂದು ಗೀಟೂ ಅಲುಗಲಿಲ್ಲ.

ಯುಯೆಕ್ವೆ ಎದ್ದು
ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ
ದೋಷ ಹುಡುಕುವ ಕಣ್ಣಿನಲ್ಲಿ
ಭುಜದಿಂದ ಗುಂಡಿಯವರೆಗೆ, ಸಾಲು ಬಿಡದೆ, ಹುಡುಕಿದಳು.
ಆ ಕಾಮನಬಿಲ್ಲು ಎಲ್ಲೂ ಇಲ್ಲ.

"ಅಡ್ಡ ನಿಂತಿದ್ದೀಯ," ಅಂದ ಪೆಂಗ್.

"ತಾಳಿ," ಅಂದಳು,
"ಎಡ ತೋಳಿನಲ್ಲಿ
ದಾರ ಬಿಟ್ಟಿದೆ."