ಸರಿಪಡಿಸಲಾಗಿದೆ

ನಾರಾಯಣ ಪೇಠೆಯಲ್ಲಿ, ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯ ಮಾಳಿಗೆಯಲ್ಲಿ
ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ, ಆರು ಜನ.
ಮಧ್ಯಾಹ್ನ ಒಂದರಿಂದ ನಾಲ್ಕು ಕೆಳಗೆ ಓಣಿಯೇ ಶಟರ್ ಎಳೆದು ಮಲಗುತ್ತದೆ.
ಆ ಹೊತ್ತಿನಲ್ಲೇ ನಾನು ಜರಡಿ ಬರೆದದ್ದು.

ಜರಡಿ ಅಂದರೆ ಇಷ್ಟೆ:
ಕೋಡು ಮುಟ್ಟಿದವರು ಮುಟ್ಟಿದಾಗೆಲ್ಲ ಒಂದು ಸಾಲು ಬರೆದಿಡಬೇಕು,
ಸಾಲಿನ ನೆತ್ತಿಗೆ ಒಂದು ಪದ, ಪದಕ್ಕೆ ಎರಡು ಚುಕ್ಕಿ.
ಹೊಸದಾದರೆ ಫೀಟ್, ಮುರಿದದ್ದು ಕೂಡಿಸಿದರೆ ಫಿಕ್ಸ್,
ಕಸ ಗುಡಿಸಿದ್ದು, ಪಾತ್ರೆ ತೊಳೆದದ್ದು ಚೋರ್.
ಬಿಡುಗಡೆಯ ದಿನ ಯಂತ್ರ ನೆತ್ತಿಯಷ್ಟೇ ನೋಡಿ
ಫೀಟು ಫಿಕ್ಸುಗಳನ್ನು ಪಟ್ಟಿಗೆ ಏರಿಸಿ
ಚೋರನ್ನು ತೌಡಿನಂತೆ ತೂರಿಬಿಡುತ್ತದೆ.

ಓವಿ ಢಮಢೇರೆ, ಕೆಲಸಕ್ಕೆ ಬಂದು ಹತ್ತು ದಿನದವಳು, ಮರಾಠಿಯಲ್ಲಿ ನಕ್ಕಳು:
ಚೋರನಾ? ಕಳ್ಳನನ್ನು ಹೆಸರು ಬರೆದುಕೊಂಡು ಬಿಟ್ಟುಬಿಡುವುದಾ?
ಮನೆಗೆಲಸ ಕಣೆ, ಅಂದೆ. ಹಾಲಿನವರಿಗೆ ಯಾಕೆ ಅದೆಲ್ಲ.

ಪಟ್ಟಿ ಮೂರು ಭಾಷೆಯಲ್ಲಿ ಹೊರಡುತ್ತದೆ. ಕನ್ನಡದ ಅಚ್ಚು ನನ್ನದು.
ಯಾವ ಫಿಕ್ಸ್ ಬರಲಿ, ಬಾಲಕ್ಕೆ ಒಂದೇ ಕ್ರಿಯಾಪದ:
ಸರಿಪಡಿಸಲಾಗಿದೆ.
ಇಲ್ಲಿಯ ಕನ್ನಡ ಶಾಲೆಯಲ್ಲಿ ಸೌದತ್ತಿ ಮಾಸ್ತರರು
ಸೀಮೆಸುಣ್ಣದ ಕೈ ಪಂಚೆಗೆ ಒರೆಸಿ ಕೇಳುತ್ತಿದ್ದರು,
ಕರ್ಮಣಿ ಸರಿ. ಕರ್ತೃ ಎಲ್ಲಿ ಓಡಿದ?

ಈ ಸಲದ ಪಟ್ಟಿಯಲ್ಲಿ ಏಳನೆಯದು:
ಫ್ಯಾಟಿನ ಲೆಕ್ಕ ಸರಿಪಡಿಸಲಾಗಿದೆ.
ಯಾರೂ ಓದುವುದಿಲ್ಲ ಇಂಥವನ್ನು.
ಅಥಣಿ ಕಡೆಯ ಒಂದು ಸಂಘದಿಂದ ಫೋನು ಬಂತು,
ಚಂಪಾಬಾಯಿ ಮಗದುಮ್ಮ, ಕಾರ್ಯದರ್ಶಿ.

'ಸರಿಪಡಿಸಲಾಗೈತಿ ಅಂತ ಬಂದೈತಲ್ಲವಾ,
ಅಂದ್ರ ಇಷ್ಟ ದಿನ ತಪ್ಪಿತ್ತೇನ?
ಯಾವತ್ತಿನಿಂದ? ಯಾರ್ಯಾರ ಹಾಲಿಂದು?'

ಹಿಂದೆ ಎಮ್ಮೆಯೋ ಮೋಟಾರೋ ಕೂಗುತ್ತಿತ್ತು.
ನೋಡಿ ಹೇಳುತ್ತೇನೆ ಅಂದೆ.

ಯಾವ ಸಾಲು ಯಾರದೆಂದು ಹೇಳುವ ಆಜ್ಞೆಗೆ ಬ್ಲೇಮ್ ಅಂತಲೇ ಹೆಸರು.
ಇಟ್ಟವಳು ನಾನಲ್ಲ.
ಕೊಟ್ಟೆ. ಹದಿನಾಲ್ಕು ತಿಂಗಳು ಹಿಂದಕ್ಕೆ ಹೋಗಿ ನಿಂತಿತು,
ಒಂದು ಶುಕ್ರವಾರ, ಸಂಜೆ ಆರೂ ಮುಕ್ಕಾಲು.
ಪುಟ್ಟ ಪರದೆಯಲ್ಲಿ ಅಂಕಿ ಹಿಡಿಯುತ್ತಿರಲಿಲ್ಲ ಎಂದು
ಚುಕ್ಕಿಯ ಆಚೆಯ ಎರಡನೇ ಅಂಕಿಯನ್ನು ಕತ್ತರಿಸಿದ್ದು.
ಪರದೆಯಲ್ಲಿ ಮಾತ್ರ ಅಂದುಕೊಂಡಿದ್ದು. ಲೆಕ್ಕದಲ್ಲೂ ಕತ್ತರಿಸಿತ್ತು.
ಮೂರು ಪಾಯಿಂಟ್ ನಾಲ್ಕು ಎಂಟರ ಹಾಲು ಮೂರು ಪಾಯಿಂಟ್ ನಾಲ್ಕಾಗಿ,
ಒಬ್ಬರಿಗೆ ಲೀಟರಿಗೆ ಹತ್ತು ಪೈಸೆ, ಒಬ್ಬರಿಗೆ ಅರ್ಧ ರೂಪಾಯಿ,
ಬೆಳಿಗ್ಗೆಗೊಮ್ಮೆ, ಸಂಜೆಗೊಮ್ಮೆ.

ನೆತ್ತಿಯ ಮೇಲೆ ಎರಡು ಚುಕ್ಕಿ ಇಟ್ಟು ಬರೆದಿತ್ತು
ಚೋರ್: ಅಂಕಿಗಳನ್ನು ಓರಣ ಮಾಡಿದೆ.
ಪಕ್ಕದಲ್ಲಿ ನನ್ನ ಹೆಸರು, ಇನಿಷಿಯಲ್ ಸಮೇತ.

ಓವಿ ನೋಡುತ್ತಿದ್ದಳು. ಈ ಸಲ ನಗಲಿಲ್ಲ.
ಅಮೃತತುಲ್ಯದ ಚಹಾ ತರಲೇ ಎಂದು ಕೇಳಿ,
ಅಂಗಡಿ ಮುಚ್ಚಿದೆ ಎಂದು ನೆನಪಾಗಿ, ಅಲ್ಲೇ ನಿಂತಳು.

ಪಟ್ಟಿಗೆ ಒಂದು ಸಾಲು ಸೇರಿಸಲು ಹೋದೆ:
ನಾನು ಕತ್ತರಿಸಿದೆ. ಹದಿನಾಲ್ಕು ತಿಂಗಳು. ಯಾರಿಗೂ ಹೇಳಲಿಲ್ಲ, ಗೊತ್ತಿರಲಿಲ್ಲ.
ಯಂತ್ರ ಒಳಗೆ ಬಿಡಲಿಲ್ಲ.
ಸಾಲಿಗೆ ಬಗೆ ಇಲ್ಲ, ಅಂದಿತು. ಇವುಗಳಲ್ಲಿ ಒಂದನ್ನು ಆರಿಸಿ.
ಹನ್ನೊಂದು ಬಗೆ ಇದ್ದವು. ಮೇಲಿಂದ ಕೆಳಗೆ ಎರಡು ಸಲ ಓದಿದೆ.
ಆ ಕಾವಲು ಕೂರಿಸಿದವಳೂ ನಾನೇ.

ಚಂಪಾಬಾಯಿಗೆ ನಾನೇ ಫೋನು ಹಚ್ಚಿದೆ.
ವಹಿ ಇದೆಯಾ ನಿಮ್ಮ ಹತ್ತಿರ, ಹಳೆಯ ರೀಡಿಂಗ್ ಇರುವುದು?
'ಐತಿ. ಮಷೀನ್ ಬಂದ್ರೂ ನಾ ಬರಿಯೂದ ಬಿಟ್ಟಿಲ್ಲ.'
ಹಾಗಾದರೆ ಬರೆದುಕೊಳ್ಳಿ, ಹೇಳುತ್ತೇನೆ. ಮೊದಲು ನನ್ನ ಹೆಸರು.
'ತಡೀವಾ,' ಅಂದರು. 'ಪೆನ್ನು ನಡೀವಲ್ದು.'

ಕಾದೆ. ಆ ತುದಿಯಲ್ಲಿ ಕಾಗದದ ಮೇಲೆ ಗೀಚುವ ಸದ್ದು.
ಈ ತುದಿಯಲ್ಲಿ ನಾಲ್ಕು ಹೊಡೆದು
ಕೆಳಗೆ ಒಂದೊಂದಾಗಿ ಶಟರ್ ಮೇಲೇಳತೊಡಗಿದವು.