ಸೊನ್ನೆಯ ನಡು

ಗ್ದಿನ್ಯಾ ಬಂದರಿನಲ್ಲಿ ಮೂವತ್ತು ವರ್ಷ
ಮೀನಿನ ಪೆಟ್ಟಿಗೆಗಳಿಗೆ ನಂಬರು ಹೊಡೆದ ಬ್ರೊನ್ಯಾ
ಕೊನೆಯ ದಿನ ಕೇಳಿ ತಂದದ್ದು
ಕೊರೆದ ತಗಡು ಒಂದೇ: ಸೊನ್ನೆ.

ಈಗ ಅಡುಗೆಮನೆಯ ಮೇಜು. ಹಳೇ ಲೆಕ್ಕದ ಪುಸ್ತಕ,
ಪುಟಕ್ಕಂಟಿಸಿದ ಟ್ರಾಮ್ ಟಿಕೇಟು, ಚಹದ ಕಲೆ,
ತೀರಿಹೋದ ತಂಗಿಯ ಚೀಟಿಯ ಹರುಕು.
ಅದರ ಮೇಲೆ ತಗಡಿಟ್ಟು
ಸ್ಪಂಜಿನಲ್ಲಿ ನೀಲಿ ತಟ್ಟುತ್ತಾಳೆ, ಒಣಒಣಗಿ,
ಹಸಿಯಾದರೆ ಅಂಚಿನಡಿ ನುಸುಳೀತು.

"ಸೊನ್ನೆ ಯಾಕಜ್ಜಿ ಒಡೆದಿದೆ?
ಮೇಲೊಂದು, ಕೆಳಗೊಂದು ಖಾಲಿ ಗೆರೆ?"

"ಸೇತುವೆ ಕಣೋ.
ಅದಿಲ್ಲದಿದ್ದರೆ ನಡು ಕಳಚಿ ಬೀಳುತ್ತೆ,
ಆಮೇಲೆ ಎಷ್ಟು ಬಳಿದರೂ
ಬರೀ ಮಚ್ಚೆ."

ತಗಡೆತ್ತಿದಳು.
ನೀಲಿಯುಂಗುರದೊಳಗೆ ಬಣ್ಣ ತಾಗದೆ
ತಂಗಿಯ ಸೊಟ್ಟ ಅಕ್ಷರದಲ್ಲಿ ಉಳಿದಿತ್ತು
ಅರ್ಧ ಮಾತು:
ಬರುವಾಗ ಉಪ್ಪು